ನಮ್ಮ ಕೊಳ್ಳದಾಗ

ಕಳೆದ ಅಕ್ಟೋಬರಿನ ಒಂದು ಬೆಳಿಗ್ಗೆ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಖಜಾಂಚಿಯವರು ಎರಡೇ ಪದಗಳ ಸಂದೇಶ ಹಾಕಿದರು: "ಕಾಕು ಹೋದರು." ಖಜಾಂಚಿ ಬೆಂಗಳೂರಿನವರು, ಪದಗಳನ್ನೂ ಬಳಗದ ದುಡ್ಡಿನಂತೆಯೇ ಬಿಗಿಹಿಡಿದು ಖರ್ಚು ಮಾಡುವವರು. ಹೇಸ್‌ನಿಂದ ಈಸ್ಟ್ ಹ್ಯಾಮ್‌ವರೆಗೆ ಲಂಡನ್ನಿನ ತುಂಬ ಹರಡಿಕೊಂಡಿರುವ ನಮ್ಮ ಸದಸ್ಯರು ಆ ಹೊತ್ತಿಗೆ ಟ್ಯೂಬಿನಲ್ಲಿ, ಅಂದರೆ ನೆಲದಡಿಯ ರೈಲಿನಲ್ಲಿದ್ದರು. ಒಂದು ಸ್ಟೇಷನ್ನಿನಲ್ಲಿ ಸಿಗ್ನಲ್ ಬಂದು ಹೋಗುವಷ್ಟರಲ್ಲಿ ಸಂತಾಪ ಮುಗಿಸಬೇಕಾದ್ದರಿಂದ ಯಾರೂ ವಿವರ ಕೇಳಲಿಲ್ಲ. ಕೈಮುಗಿದ ಚಿತ್ರಗಳು ಬಂದವು, ದೀಪದ ಚಿತ್ರಗಳು ಬಂದವು. ಈಸ್ಟ್ ಹ್ಯಾಮ್‌ನ ಡಾಕ್ಟರೊಬ್ಬರು ತುಂಬಲಾರದ ನಷ್ಟವೆಂದು ಬರೆದರು. ಮಧ್ಯಾಹ್ನದ ಊಟದ ಹೊತ್ತಿಗೆ ಸ್ವತಃ ಕಾಕು ಅವರೇ ಉತ್ತರಿಸಿದರು: "ಎಲ್ಲಾರಿಗೂ ಥ್ಯಾಂಕ್ಸ್ ರೀ. ಆರಾಮ ಬಂದು ಮುಟ್ಟೀನಿ. ಇಲ್ಲೆ ಮಳಿ ಹತ್ತೇದ."

ಅವರು ಹೋಗಿದ್ದದ್ದು ವೇಲ್ಸ್‌ಗೆ. ಲಂಡನ್ ಕನ್ನಡಿಗರ ದೃಷ್ಟಿಯಲ್ಲಿ ಇದೇನೂ ಸಣ್ಣ ಪ್ರಯಾಣವಲ್ಲ. ಪರಲೋಕಕ್ಕೆ ಹೋದವರಂತೆಯೇ ವೇಲ್ಸ್‌ಗೆ ಹೋದವರೂ ಮರಳಿ ಬಂದು ಉಗಾದಿ ಊಟಕ್ಕೆ ಕೂತದ್ದನ್ನು ನಾವು ಕಂಡಿಲ್ಲ. ಒಮ್ಮೆ ಸಲ್ಲಿಸಿದ ಸಂತಾಪವನ್ನು ಹಿಂತೆಗೆದುಕೊಳ್ಳುವ ಪದ್ಧತಿ ಬಳಗದಲ್ಲಿ ಇಲ್ಲವಾದ್ದರಿಂದ, ಅದಕ್ಕೆ ಅನುಬಂಧವಾಗಿ ಈ ನಾಲ್ಕು ಮಾತು.

ಅವರ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಧಾರವಾಡದ ಕಡೆ ಕಾಕನ ಹೆಂಡತಿ ಕಾಕು, ಅಂದರೆ ಚಿಕ್ಕಮ್ಮ. ಇದನ್ನರಿಯದ ಮೈಸೂರು-ಬೆಂಗಳೂರಿನ ನಾವು ಅದನ್ನೇ ಹೆಸರೆಂದು ತಿಳಿದು, ಒಂದು ದೀಪಾವಳಿಯ ಆಹ್ವಾನಪತ್ರಿಕೆಯಲ್ಲಿ 'ದೀಪ ಬೆಳಗುವವರು: ಶ್ರೀಮತಿ ಕಾಕು' ಎಂದು ಅಚ್ಚು ಹಾಕಿಸಿದೆವು. ಅವರು ತಿದ್ದಲಿಲ್ಲ. ಗಂಭೀರವಾಗಿ ಬಂದು, ಶ್ರೀಮತಿ ಕಾಕು ಆಗಿಯೇ ದೀಪ ಬೆಳಗಿ, ಎರಡು ಸಲ ಮೊಸರನ್ನ ಹಾಕಿಸಿಕೊಂಡು ಹೋದರು. ನಿಘಂಟು ತೆಗೆದು ನೋಡಿದರೆ ಕಾಕು ಎಂಬುದಕ್ಕೆ ಇನ್ನೊಂದು ಅರ್ಥವಿದೆ: ಮೇಲೊಂದು ಮಾತು, ಒಳಗೊಂದು ಮಾತು ಇಟ್ಟು ಆಡುವ ದನಿ. ಆ ಅರ್ಥವೂ ಅವರಿಗೆ ಸಲ್ಲುತ್ತದೆಂಬುದು ನನಗೆ ತಿಳಿದದ್ದು ತಡವಾಗಿ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಭೇಟಿಯಾದದ್ದು ಹೇಸ್‌ನ ಒಂದು ಹಾಲ್‌ನಲ್ಲಿ, ಉಗಾದಿಯ ಊಟದ ದಿನ. ಎಲೆಯ ಮುಂದೆ ನನ್ನ ಪಕ್ಕದಲ್ಲಿ ಕೂತಿದ್ದ ಈ ಹಿರಿಯರು ಕಿಟಕಿಯಾಚೆಯ ಕಾರುಗಳನ್ನೇ ನೋಡುತ್ತ, ಹೋಳಿಗೆ ಮುರಿಯುತ್ತ ಹೇಳಿದರು: "ನಮ್ಮ ಕೊಳ್ಳದಾಗ ಇಷ್ಟೊತ್ತಿಗೆ ಕುರಿಮರಿ ಬಂದಿರತಾವ್ರಿ."

ನಾನು ಮೈಸೂರಿನವನು. ನಮ್ಮ ಕಿವಿಗೆ 'ಕೊಳ್ಳದಾಗ' ಎಂದರೆ ಏನನ್ನೂ ಖರೀದಿ ಮಾಡದೇ ಇದ್ದಾಗ. ಇವರು ಕೊಳ್ಳದೇ ಇದ್ದಾಗಲೂ ಮನೆಗೆ ಕುರಿಮರಿ ಬಂದುಬಿಡುವುದೆಂದರೆ ಯಾವುದೋ ಮಾಂಸದಂಗಡಿಯ ಅಚಾತುರ್ಯವಿರಬೇಕೆಂದು ನಾನು ಊಹಿಸಿದೆ. ಹಬ್ಬದ ಪಂಕ್ತಿಯಲ್ಲಿ ಆ ವಿಷಯ ಬಂದದ್ದಕ್ಕೆ ಒಳಗೇ ಮುಜುಗರಪಟ್ಟು, ಕೌನ್ಸಿಲ್‌ಗೆ ದೂರು ಕೊಡಬಹುದಲ್ಲ ಎಂದು ಮೆಲ್ಲಗೆ ಸಲಹೆ ಕೊಟ್ಟೆ. ಅವರು ಹೋಳಿಗೆ ಎಲೆಯ ಮೇಲಿಟ್ಟು ನನ್ನ ಕಡೆ ತಿರುಗಿದರು. ಕುರಿ ಮರಿ ಹಾಕಿದ್ದಕ್ಕೆ ಕೌನ್ಸಿಲ್‌ನವರು ಏನು ಮಾಡಿಯಾರು ಎಂದು ವಿಚಾರಿಸಿದರು. ಆಮೇಲೆ ನನ್ನ ಮುಖದಲ್ಲಿ ನನ್ನ ಜಿಲ್ಲೆಯನ್ನು ಓದಿಕೊಂಡು, ಪಾಠ ಹೇಳಿದರು.

"ಕೊಳ್ಳ ಅಂದ್ರ ಎರಡು ಗುಡ್ಡದ ನಡುವಿನ ತಗ್ಗು. ನೀವು ಮೈಸೂರ ಕಡ್ಯಾವ್ರು ಎಲ್ಲಾದಕ್ಕೂ ಕಣಿವಿ ಅಂತೀರಿ. ಕಣಿವಿ ಅಂದ್ರ ದಾಟಿ ಹೋಗೂದು. ಕೊಳ್ಳ ಅಂದ್ರ ಇಳದು ಇರೂದು."

ಅವರು ಇಳಿದು ಇದ್ದದ್ದು ವೇಲ್ಸಿನ ನಟ್ಟನಡುವಿನ ಒಂದು ಕೊಳ್ಳದಲ್ಲಿ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಬೇಕಾದ ಅಕ್ಷರ ನಮ್ಮ ವರ್ಣಮಾಲೆಯಲ್ಲಿಲ್ಲ. ನಾಲಿಗೆಯನ್ನು ಲಕಾರದ ಜಾಗದಲ್ಲಿಟ್ಟು, ಸಿಟ್ಟಿಗೆದ್ದ ಬೆಕ್ಕಿನಂತೆ ಉಸಿರು ಬಿಡಬೇಕು. ಕಾಕು ಅದನ್ನು ಸಲೀಸಾಗಿ ಮಾಡುತ್ತಿದ್ದರು. ನಾವು ಪ್ರಯತ್ನಿಸಿದ ದಿನ ಖಜಾಂಚಿಯವರ ಕನ್ನಡಕದ ಮೇಲೆ ತುಂತುರು ಬಿತ್ತು. ಮದುವೆಯಾದ ಹೊಸತರಲ್ಲಿ, ಅಲ್ಲಿನ ದವಾಖಾನೆಯ ಡಾಕ್ಟರಾಗಿದ್ದ ಗಂಡನ ಹಿಂದೆ ಬಂದವರು, ಅರ್ಧ ಆಯುಷ್ಯಕ್ಕೂ ಹೆಚ್ಚು ಅಲ್ಲಿ ಕಳೆದರು. ಡಾಕ್ಟರು ತೀರಿಕೊಂಡ ಮೇಲೆ ಮಗ ಬಂದು ತಾಯಿಯನ್ನು ಹೇಸ್‌ಗೆ ಕರೆದುಕೊಂಡು ಬಂದ. ವಿಮಾನ ನಿಲ್ದಾಣದ ಹತ್ತಿರದ ಒಂದು ಆಫೀಸಿನಲ್ಲಿ ಅವನಿಗೆ ಕಂಪ್ಯೂಟರಿನ ಕೆಲಸ. ಸಾಲುಮನೆ, ಹಿಂದೆ ಒಂದು ಚಾಪೆಯಗಲದ ಹುಲ್ಲು, ಮೇಲೆ ವಿಮಾನಗಳ ಹೊಟ್ಟೆ. "ಭಕ್ರಿ ಬಡದಂಗ ಸಪಾಟ ಅದರಿ ನಿಮ್ಮೂರು" ಎನ್ನುತ್ತಿದ್ದರು ಕಾಕು. ವಿಮಾನ ಒಂದನ್ನು ಬಿಟ್ಟರೆ ಅಲ್ಲಿ ಏರುವಂಥದ್ದು ಮತ್ತೇನೂ ಇಲ್ಲವೆಂಬುದು ಅವರ ತಕರಾರು.

ರಾಜಧಾನಿಯ ಮಾನ ಉಳಿಸಬೇಕೆಂದು ನಾನೊಮ್ಮೆ ಅವರನ್ನು ಉತ್ತರ ಲಂಡನ್ನಿನ ಒಂದು ಪ್ರಸಿದ್ಧ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ತುದಿಯಲ್ಲಿ ಬೆಂಚಿದೆ, ಜನ ಫೋಟೋ ತೆಗೆಸಿಕೊಳ್ಳುತ್ತಾರೆ, ಇಡೀ ಊರು ಕಾಣುತ್ತದೆ. ಕಾಕು ಸುತ್ತಲೂ ನೋಡಿ, ಗುಡ್ಡ ಎಲ್ಲಿದೆ ಎಂದರು. ಅದರ ಮೇಲೆಯೇ ನಿಂತಿದ್ದೇವೆ ಎಂದೆ. ಅವರು ಏನನ್ನೋ ತುಳಿದವರ ಹಾಗೆ ಪಾದ ಎತ್ತಿ ಕೆಳಗೆ ನೋಡಿಕೊಂಡರು.

ತಮ್ಮ ಕೊಳ್ಳವನ್ನು ಅವರು ಹೊಗಳಿದ್ದನ್ನು ನಾನು ಕೇಳಿಲ್ಲ. ಮೊಮ್ಮಗನನ್ನು ಎದುರಿಗೇ ಹೊಗಳಿದರೆ ದೃಷ್ಟಿಯಾದೀತೆಂದು ಹಿರಿಯರು ದೂರುತ್ತಾರಲ್ಲ, ಅದೇ ಕ್ರಮ. ಭಾಳ ಮಳೆ. ದಾರಿ ಇಕ್ಕಟ್ಟು, ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದೆ ಹಿಂದೆ ಹೋಗಿ ಊರನ್ನೇ ಮುಟ್ಟಬೇಕು. ಎಡಗಡೆಯ ಗುಡ್ಡ ಮೊದಲು ಬಿಸಿಲು ಹಿಡಿದುಕೊಂಡು ಬಲಗಡೆಯದಕ್ಕೆ ಕೊಡುವುದೇ ಇಲ್ಲ, ದೊಡ್ಡ ಮಗನ ಹಾಗೆ. ಜರೀಗಿಡ ಚಳಿಗಾಲದ ಮುಂಚೆ ಒಣಗಿ, ಗುಡ್ಡದ ಮೇಲೆ ಮಠದವರೆಲ್ಲ ಕಾವಿ ಒಣಹಾಕಿದಂತೆ ಕಾಣುತ್ತದೆ. ಇವೆಲ್ಲ ದೂರುಗಳು. ಕೇಳುತ್ತ ಕೂತ ನಮಗೆ ಮಾತ್ರ, ದೂರಲಿಕ್ಕೆ ನಮ್ಮ ಹತ್ತಿರ ಇಂಥದ್ದೊಂದೂ ಇಲ್ಲವಲ್ಲ ಎನ್ನಿಸುತ್ತಿತ್ತು.

ಅಲ್ಲಿನ ಹದ್ದಿಗೆ ಮೈ ಕೆಂಪು, ಬಾಲ ಕವಲು. ಕಾಕು ಅದನ್ನು ಗರುಡನೆಂದು ತೀರ್ಮಾನಿಸಿ, ಕಂಡಾಗಲೆಲ್ಲ ಕೆನ್ನೆ ಮುಟ್ಟಿಕೊಂಡು ಕೈಮುಗಿಯುತ್ತಿದ್ದರಂತೆ. ಕಾಲಕ್ರಮದಲ್ಲಿ ಪಕ್ಕದ ಹೊಲದ ಕುರಿ ಸಾಕುವ ಮುದುಕನೂ ಹದ್ದು ಕಂಡರೆ ಟೋಪಿಗೆ ಕೈ ಹಚ್ಚತೊಡಗಿದನಂತೆ. ನೀವು ಹೇಳಿಕೊಟ್ಟಿರಾ ಎಂದು ಕೇಳಿದರೆ, ಇಲ್ಲ, ಅವನ ಸಂಸ್ಕಾರ ಎಂದರು.

ಅವರು ಕೊಳ್ಳದಿಂದ ತಂದ ಒಂದು ಪದ್ಧತಿ ಬಾಗಿಲಿನದು. ಕುರಿಗಳ ನಾಡಿನಲ್ಲಿ ಹೊಲದ ಗೇಟು ದಾಟುವವರಿಗೆ ಒಂದೇ ಶಾಸನ: ತೆರೆದಿದ್ದರೆ ತೆರೆದೇ ಬಿಡು, ಮುಚ್ಚಿದ್ದರೆ ಮುಚ್ಚಿ ಹೋಗು. ಒಬ್ಬ ಮೈಮರೆತರೆ ಒಬ್ಬರ ಕುರಿ ಇನ್ನೊಬ್ಬರ ಹೊಲದಲ್ಲಿ. ಕಾಕು ಇದನ್ನು ಲಂಡನ್ನಿಗೂ ಅನ್ವಯಿಸಿದರು. ಸೊಸೆಯ ಅಡುಗೆಮನೆ, ಹಾಲ್‌ನ ಉಗ್ರಾಣ, ನಮ್ಮ ಫ್ಲಾಟಿನ ಬಚ್ಚಲು, ಎಲ್ಲ ಕಡೆ ಬಾಗಿಲನ್ನು ಬರುವಾಗ ಹೇಗಿತ್ತೋ ಹೋಗುವಾಗ ಹಾಗೆಯೇ ಬಿಡುತ್ತಿದ್ದರು. ಬೇರೆಯವರೂ ಹಾಗೆ ಮಾಡಬೇಕಿತ್ತು. ಖಜಾಂಚಿಯವರು ಎರಡು ಸಲ ಬೈಸಿಕೊಂಡು ಕಲಿತರು. ಲಿಫ್ಟಿನ ಬಾಗಿಲು ತಾನಾಗಿ ಮುಚ್ಚಿಕೊಂಡಾಗ ಮಾತ್ರ, ಇದರ ಜವಾಬ್ದಾರಿ ಯಾರದೆಂದು ಕಾಕು ಯೋಚಿಸುತ್ತ ನಿಲ್ಲುತ್ತಿದ್ದರು.

ಈಗ ಪ್ರವಾಸದ ವಿಷಯ. ಪ್ರತಿ ಬೇಸಿಗೆಯಲ್ಲಿ ಬಳಗ ಒಂದು ಕೋಚ್ ಮಾಡಿಕೊಂಡು ಸಮುದ್ರತೀರಕ್ಕೆ ಹೋಗಿ, ಚಿತ್ರಾನ್ನದಲ್ಲಿ ಮರಳು ಬೆರೆಸಿಕೊಂಡು ಬರುವುದು ಸಂಪ್ರದಾಯ. ಹೋದ ವರ್ಷ ಟೂಟಿಂಗ್‌ನ ಒಂದು ಹೋಟೆಲಿನಲ್ಲಿ, ಮಸಾಲೆದೋಸೆಯ ಸಮಕ್ಷಮ ನಡೆದ ಪ್ರವಾಸ ಸಮಿತಿಯ ಸಭೆಯಲ್ಲಿ, ಯಾವತ್ತೂ ಏನನ್ನೂ ಕೇಳದ ಕಾಕು ಬಾಯಿಬಿಟ್ಟರು. ಈ ಸಲ ತಮ್ಮ ಕೊಳ್ಳಕ್ಕೆ ಹೋಗಬಾರದೇಕೆ ಎಂದರು. ಸಭೆ ಚಮಚ ಕೆಳಗಿಟ್ಟಿತು.

"ಅಲ್ಲಾ ಕಾಕು, ಅಲ್ಲಿ ನೋಡೋಕೆ ಏನಿದೆ?" ಎಂದರು ಖಜಾಂಚಿ.

"ನೋಡ್ಲಿಕ್ಕೆ ಏನೂ ಇಲ್ರಿ. ಇರ್ಲಿಕ್ಕೆ ಅದ."

ಒಂದು ವಿರೋಧದೊಂದಿಗೆ ಗೊತ್ತುವಳಿ ಅಂಗೀಕೃತವಾಯಿತು. ವಿರೋಧಿಸಿದ ಖಜಾಂಚಿಯೇ ಆಮೇಲೆ ಕೋಚಿನ ಮೊದಲನೆಯ ಸೀಟು ಹಿಡಿದದ್ದನ್ನು ಇಲ್ಲಿ ದಾಖಲಿಸುತ್ತೇನೆ.

ಅವರು ಆ ವರ್ಷವೇ ಯಾಕೆ ಕೇಳಿದರೆಂಬುದನ್ನು ಸೊಸೆ ನನ್ನ ಹೆಂಡತಿಗೆ ಹೇಳಿದಳು. ಕೊಳ್ಳದ ಮನೆಯಲ್ಲಿ ಬಾಡಿಗೆಗಿದ್ದ ಶಾಲೆಯ ಟೀಚರು ಬಿಟ್ಟುಹೋಗಿದ್ದರು. ಮಗ ಅದನ್ನು ಮಾರಿಬಿಡುವುದೆಂದು ಗೊತ್ತುಮಾಡಿದ್ದ, ಕೊಳ್ಳುವವರೂ ಸಿಕ್ಕಿದ್ದರು, ಮೇ ತಿಂಗಳ ರಜೆ ಮುಗಿದ ಮೇಲೆ ತಾಯಿ-ಮಗ ಇಬ್ಬರೂ ಸಹಿ ಹಾಕಬೇಕಿತ್ತು. ಮಗನದು ಅನ್ಯಾಯದ ಮಾತಲ್ಲ. ತಾಯಿಗೆ ಮೊಣಕಾಲು ನೋವು, ಆಸ್ಪತ್ರೆ ಎರಡು ಗುಡ್ಡದಾಚೆ, ಹಿಮ ಬಿದ್ದರೆ ದಾರಿಯಿಲ್ಲ. ಕಾಕು ಎದುರಾಡಿರಲಿಲ್ಲ. ತಾನು ತಿರುಗಿ ಹೋಗುತ್ತೇನೆಂದು ಹಟ ಹಿಡಿದರೆ ಮಗ ಹೂಂ ಎಂದಾನು, ಆದರೆ ತಾಯಿಯ ಸಲುವಾಗಿ ಎಂದಾನು. ಅದು ಅವರಿಗೆ ಬೇಕಿರಲಿಲ್ಲ. ಅವನೂ ಅಲ್ಲಿಯೇ ಹುಟ್ಟಿ ಬೆಳೆದವನು. ಕಾಲೇಜಿಗೆಂದು ಆ ಗುಡ್ಡ ಏರಿ ಬಂದವನು ತಿರುಗಿ ನೋಡಿರಲಿಲ್ಲ. ಸೊಸೆಯ ಹತ್ತಿರ ಒಂದೇ ಮಾತು ಹೇಳಿದ್ದರಂತೆ: "ಅಂವಗ ಅದು ಕಣಿವಿ ಆಗಿಬಿಟ್ಟದ ನೋಡು."

ಮೇ ತಿಂಗಳ ಕೊನೆಯ ಸೋಮವಾರ, ರಜೆಯ ದಿನ, ಹೊರಟೆವು. ಮಗನೂ ಬಂದಿದ್ದ. ಸೊಸೆ ಕರೆತಂದಿದ್ದಳು ಎಂದರೆ ಸರಿಯಾದೀತು. ಅವನಿಗೆ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ, ಅದೂ ಚಿಲ್ಲರೆಯಲ್ಲಿ. ಗಡಿಯ ದೊಡ್ಡ ಸೇತುವೆ ದಾಟಿ ವೇಲ್ಸ್ ಸೇರಿದ ಮೇಲೆ ರಸ್ತೆಯ ಫಲಕಗಳಲ್ಲಿ ಊರಭಾಷೆ ಮೇಲೆ, ಇಂಗ್ಲಿಷು ಕೆಳಗೆ ಕಂಡು ಇಡೀ ಕೋಚು ಭಾವುಕವಾಯಿತು. ಅರ್ಥವಾಗದ ಬೋರ್ಡಿಗೆ ಕನ್ನಡಿಗರು ಅಷ್ಟು ಚಪ್ಪಾಳೆ ತಟ್ಟಿದ್ದು ಅದೇ ಮೊದಲಿರಬೇಕು. ಕಾಕು ಅದನ್ನು ತಮಗೆ ಸಲ್ಲಿಸಿದ ಮರ್ಯಾದೆಯೆಂದು ಸ್ವೀಕರಿಸಿ ತಲೆಬಾಗಿದರು.

ಆಮೇಲೆ ತಿರುವುಗಳು ಬಂದವು. ಮಕ್ಕಳಿಗೆ ಮೊದಲು, ದೊಡ್ಡವರಿಗೆ ನಂತರ ಹೊಟ್ಟೆ ತೊಳಸಿತು. ಕೊನೆಯ ಏರು ಹತ್ತಿ, ಇಡೀ ಕೊಳ್ಳ ಕಣ್ಣಿಗೆ ಬೀಳುತ್ತದೆಂದು ಕಾಕು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದ ಜಾಗದಲ್ಲಿ ಡ್ರೈವರು ಕೋಚು ನಿಲ್ಲಿಸಿದ. ಎಲ್ಲರೂ ಇಳಿದೆವು. ಮಂಜು. ಎದುರಿಗೊಂದು ಮೋಟುಗೋಡೆ, ಅದರಾಚೆ ಹತ್ತಿ ತುಂಬಿದ ಹಾಗೆ ಬಿಳಿ. ಕೊಳ್ಳವಿರಲಿ, ಕೋಚಿನ ಹಿಂದಿನ ಗಾಲಿಯೂ ಕಾಣುತ್ತಿರಲಿಲ್ಲ.

ಬಳಗದವರು ಒಳ್ಳೆಯ ಜನ. ಮಂಜಿಗೇ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಂಡರು. ಖಜಾಂಚಿ ಮಾತ್ರ, ಸಮುದ್ರವಾಗಿದ್ದರೆ ಸದ್ದಾದರೂ ಕೇಳಿಸುತ್ತಿತ್ತು ಎಂದು ಗಾಳಿಗೆ ಹೇಳಿದರು. ಮಗ ಕೋಚಿಗೆ ಒರಗಿ ಫೋನು ನೋಡುತ್ತಿದ್ದ.

ಕಾಕು ಗೋಡೆಯ ಹತ್ತಿರ ಹೋದರು. ಗರ್ಭಗುಡಿಗೆ ತೆರೆ ಹಾಕಿದ್ದಾರೆ, ಒಳಗೆ ಅಲಂಕಾರ ನಡೆದಿದೆ, ಅಲ್ಲಿಯವರೆಗೆ ಸ್ವಾಮಿ ಹೇಗಿದ್ದಾನೆಂದು ತಾನು ಹೇಳುತ್ತೇನೆ, ನಿಲ್ಲಿರಿ ಎಂದರು. ಛತ್ರಿ ಎತ್ತಿ ಮಂಜಿನಲ್ಲಿ ಒಂದೊಂದನ್ನೇ ಅದರ ಜಾಗದಲ್ಲಿ ಇಡತೊಡಗಿದರು. ಬಲಗಡೆ ಬೋಳುಗುಡ್ಡ, ನೆತ್ತಿಗೆ ಕಲ್ಲಿನ ಗೋಡೆ. ಅದರ ಕೆಳಗೆ ಓಕ್ ಮರಗಳು, ಗಾಳಿಗೆ ಎಲ್ಲ ಒಂದೇ ಕಡೆ ಬಾಗಿದವು. ಅಲ್ಲಿಂದ ಕೆಳಗೆ ಹೊಲಗಳು, ನಡುನಡುವೆ ಮುಳ್ಳುಬೇಲಿ. ಈಗ ಹೂವಿನ ಕಾಲ, ಬೇಲಿಯ ಮೇಲೆಲ್ಲ ಮೊಸರು ಚೆಲ್ಲಿದ ಹಾಗಿರುತ್ತದೆ. ನೀಲಿ ಗುರುತಿನ ಕುರಿ ಮುದುಕನವು, ಕೆಂಪು ಗುರುತಿನವು ಅವನು ಮಾತು ಬಿಟ್ಟ ತಮ್ಮನವು. ಎಲ್ಲಿಂದಲೋ ಮಂಜಿನೊಳಗೆ ಸಿಳ್ಳೆಯಂಥ ಸಣ್ಣ ಕೂಗು ಬಂತು. ಕಾಕು ಮಾತು ನಿಲ್ಲಿಸಿ ಕೆನ್ನೆ ಮುಟ್ಟಿಕೊಂಡರು. ಕಾಣದ ಗರುಡನಿಗೆ ಇಡೀ ಕೋಚು ಕೈಮುಗಿಯಿತು.

ಛತ್ರಿ ಕೆಳಗಿಳಿದು ಹಳ್ಳಕ್ಕೆ ಬಂತು. ಕಲ್ಲಿನ ಸೇತುವೆ, ಸೇತುವೆ ದಾಟಿದ ಮೇಲೆ ಹಳ್ಳದ ಆಚೀಕಡೆ ತಮ್ಮ ಗೇಟು, ಗೇಟಿನ ಒಳಗೆ ಮನೆ ಎಂದರು.

ಮಗ ಫೋನಿನಿಂದ ತಲೆಯೆತ್ತದೆ ಇಂಗ್ಲಿಷಿನಲ್ಲಿ ಏನೋ ಅಂದ. ಕಾಕು ಕೇಳಿಸಿಕೊಳ್ಳಲಿಲ್ಲ. ಆಚೀಕಡೆ ಗೇಟು ಎಂದು ಮತ್ತೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಅವ್ವಾ, ಗೇಟು ಈಚೀಕಡೆ ಅದ."

ಅವನ ಬಾಯಿಂದ ನಾವು ಕೇಳಿದ ಮೊದಲ ಕನ್ನಡ ವಾಕ್ಯ ಅದು. ಕೇಳಿದರೆ, ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ರೇಷ್ಮೆಯ ಹಾಗೆ, ಮಡಿಕೆ ಬಿದ್ದಿತ್ತು, ಮಾಸಿರಲಿಲ್ಲ.

"ಇಲ್ಲಪಾ, ಆಚೀಕಡೆ."

"ಆಚೀಕಡೆ ಇದ್ದಿದ್ರ ಮೊದಲ ಗೇಟು ಮುಚ್ಚಿ, ಆಮ್ಯಾಲೆ ಸೇತುವಿ ಮ್ಯಾಲೆ ಓಡಿ ಬಸ್ ಹಿಡೀತಿದ್ದೆ. ಈಚೀಕಡೆ ಇತ್ತು. ಬಸ್ಸು ಎದುರಿಗೇ ನಿಂತಿರ್ತಿತ್ತು. ನಾ ಗೇಟು ಮುಚ್ಚೂದ್ರಾಗ ಹೋಗಿಬಿಡ್ತಿತ್ತು. ನೀ ಹಿಂದಿಂದ ಕೂಗ್ತಿದ್ದಿ, ಮುಚ್ಚಿದೇನೋ ಅಂತ."

ಹೇಳುತ್ತ ಹೇಳುತ್ತ ಅವನು ಗೋಡೆಯ ಹತ್ತಿರ ಬಂದಿದ್ದ. ತಾಯಿಯ ಕೈಯಿಂದ ಛತ್ರಿ ತೆಗೆದುಕೊಂಡು ಓಕ್ ಮರಗಳನ್ನು ಒಂದು ಹೊಲದಷ್ಟು ಎಡಕ್ಕೆ ಸರಿಸಿದ. ನೀಲಿ ಗುರುತಿನ ಕುರಿ ತಮ್ಮನವು, ಕೆಂಪು ಅಣ್ಣನವು ಎಂದು ತಿದ್ದಿದ. ಊರಿನ ಸಣ್ಣ ಚರ್ಚಿನ ಹಿಂದೆ ತಾನು ಬಿದ್ದು ಹಲ್ಲು ಮುರಿದುಕೊಂಡ ಕಲ್ಲನ್ನು ಇಟ್ಟ. ಅದು ತಾಯಿಯ ಕೊಳ್ಳದಲ್ಲಿ ಇರಲೇ ಇಲ್ಲ. ಕಾಕು ಒಂದೊಂದಕ್ಕೂ ಸೋಲುತ್ತ ಹೋದರು. ಸೋಲುವುದಕ್ಕೆ ಅಷ್ಟು ಬೀಗಿದವರನ್ನು ನಾನು ಬೇರೆ ಕಂಡಿಲ್ಲ.

ಆಗ ತೆರೆ ಸರಿಯಿತು. ಪೂರ್ತಿಯಲ್ಲ, ಕೆಳಗೆ ಒಂದು ಸೀರೆಯ ಸೆರಗಿನಷ್ಟು. ಹಸಿರು, ಒಂದು ಹಳ್ಳ, ಕಲ್ಲಿನ ಸೇತುವೆ, ಸೇತುವೆಯ ಈಚೀಕಡೆ ಒಂದು ಗೇಟು. ಗೇಟು ಹಾರುಹೊಡೆದಿತ್ತು. ಮನೆ ನೋಡಲು ಬಂದಿದ್ದ ಯಾರೋ ತೆರೆದಿಟ್ಟು ಹೋಗಿದ್ದಾರೆಂದು ಮಗ ಗೊಣಗಿದ. ಮನೆ ಕೊಳ್ಳುವವರಿಗೆ ಗೇಟು ಮುಚ್ಚಲು ಬರುವುದಿಲ್ಲವೇ ಎಂದ. ಛತ್ರಿ ಮಡಿಸಿ ಕೋಚಿನ ಕಡೆ ನಡೆದ.

ಕೋಚು ಕೆಳಗಿಳಿದು ಸೇತುವೆಯ ಹತ್ತಿರ ಬಂದಾಗ ಅವನು ಡ್ರೈವರಿಗೆ ನಿಲ್ಲಿಸಲು ಹೇಳಿದ. ಇಳಿದು, ಗೇಟನ್ನು ಎರಡೂ ಕೈಯಿಂದ ಎತ್ತಿ ಎಳೆದು ಮುಚ್ಚಿ, ಚಿಲಕ ಹಾಕಿ, ಬಿಗಿಯಾಗಿದೆಯೇ ಎಂದು ಅಲುಗಾಡಿಸಿ ನೋಡಿದ. ಇದನ್ನೆಲ್ಲ ಮೊದಲನೆಯ ಸೀಟಿನಿಂದ ನೋಡುತ್ತಿದ್ದ ಖಜಾಂಚಿಯವರಿಗೆ, ಎರಡು ಸಲ ಬೈಸಿಕೊಂಡವರಲ್ಲವೇ, ತಡೆಯಲಾಗಲಿಲ್ಲ.

"ಅಲ್ಲಾ ಕಾಕು, ತೆರೆದಿದ್ದರೆ ತೆರೆದೇ ಬಿಡಬೇಕು ಅಂತ ನೀವೇ ಅಲ್ವಾ ಹೇಳಿದ್ದು?"

"ಅದು ದಾಟಿ ಹೋಗಾವ್ರಿಗೆ ರೀ" ಎಂದರು ಕಾಕು. "ಮನಿಯವರು ಮುಚ್ಚತಾರ."

ಅರ್ಧ ಆಯುಷ್ಯ ಆ ಗೇಟಿನಲ್ಲಿ ಓಡಾಡಿದವರಿಗೆ ಅದು ಹಳ್ಳದ ಯಾವ ಕಡೆಗಿದೆಯೆಂದು ಮರೆಯುವುದು ಸಾಧ್ಯವೇ ಎಂದು ವಾಪಸು ಬರುವಾಗ ನಾನು ಅವರನ್ನೇ ಕೇಳಿದೆ. ವಯಸ್ಸಾಯಿತಲ್ಲ ಎಂದು, ಕಿಟಕಿಯ ಕಡೆ ತಿರುಗಿದರು. ಕಾಕು ಎಂಬುದರ ನಿಘಂಟಿನ ಅರ್ಥ ನನಗೆ ಹೊಳೆದದ್ದು ಆಗ.

ಮನೆ ಮಾರಲಿಲ್ಲ. ಬೇಸಿಗೆಯೆಲ್ಲ ಮಗ ವಾರದ ಕೊನೆಗೆ ಹೋಗಿ ಚಾವಣಿ ರಿಪೇರಿ ಮಾಡಿಸಿದ, ಮೆಟ್ಟಿಲು ಹತ್ತದ ಹಾಗೆ ಕೆಳಗೇ ಮಲಗುವ ಕೋಣೆ ಮಾಡಿಸಿದ. ಈಗಲೂ ತಿಂಗಳಿಗೆ ಒಂದು ವಾರ ಅಲ್ಲಿಂದಲೇ ಆಫೀಸಿನ ಕೆಲಸ ಮಾಡುತ್ತಾನೆ. ಫೋನನ್ನು ಸದಾ ಸೊಂಟದಲ್ಲಿ ಇಟ್ಟುಕೊಳ್ಳಬೇಕೆಂಬ ಅವನ ಕರಾರಿಗೆ ಕಾಕು ಒಪ್ಪಿದ್ದಾರೆ. ಎಲ್ಲರೂ ಆಸ್ಪತ್ರೆಯ ಹತ್ತಿರಕ್ಕೆ ಮನೆ ಬದಲಿಸುವ ವಯಸ್ಸಿನಲ್ಲಿ, ಎರಡು ಗುಡ್ಡ ದೂರಕ್ಕೆ ಹೋಗಿ ಕೂತ ಈ ಬೂಟುಗಾಲಿನ ಧಾರವಾಡದ ಹೆಂಗಸು ನಮ್ಮ ಬಳಗದವರು ಎಂದು ಹೇಳಿಕೊಳ್ಳುವುದಕ್ಕೆ ಈಗ ಟೂಟಿಂಗಿನಲ್ಲಿ ಪೈಪೋಟಿಯಿದೆ. ಮುಂಚೂಣಿಯಲ್ಲಿರುವವರು ಖಜಾಂಚಿ.

ಈ ಉಗಾದಿಯ ದಿನ ಊಟ ಮುಗಿಸಿ, ಹಾಲ್‌ನ ಅದೇ ಕಿಟಕಿಯ ಪಕ್ಕದಿಂದ ಅವರಿಗೆ ಫೋನು ಮಾಡಿದೆ. ಕುರಿಮರಿ ಬಂದವೇ ಎಂದು ಕೇಳಿದೆ. ಬಂದಾವ್ರಿ ಎಂದರು. ಹಿಂದೆ ಗಾಳಿಯ ಸದ್ದಿತ್ತು, ಅದರ ಹಿಂದೆ ಮರಿಗಳ ಸದ್ದು.

"ಕೊಂಡ್ರಾ ಕಾಕು?" ಎಂದೆ.

"ಇಲ್ರೀ" ಎಂದರು. "ಕೊಳ್ಳದಾಗ ಬಂದಾವ."